ಸರ್ ಕೊಟ್ಟ ಬಿಲ್ಲೆಗಳ ಲೆಕ್ಕ

ಹಾಸನದಲ್ಲಿ ನಾನು ಗಣಿತದ ಎಂ.ಎಸ್ಸಿ. ಓದುವಾಗ ನಮಗೆ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದ ಸರ್ ಹೊಳೆನರಸೀಪುರದವರು. ದೇವಸ್ಥಾನದ ಬೀದಿಯಲ್ಲಿ ಅವರದು ತಲೆಮಾರುಗಳ ಮನೆ. ಪಾಠ ಮಾಡುತ್ತ ಕೊನೆಯ ಸಾಲಿಗೆ ಬಂದಾಗ ಸೀಮೆಸುಣ್ಣ ಕೆಳಗಿಟ್ಟು, "ಇನ್ನು ನೀವೇ ಹೇಳಿ" ಎನ್ನುತ್ತಿದ್ದರು. ಹೆಚ್ಚಿನ ಸಲ ಹೇಳುತ್ತಿದ್ದವಳು ನಾನೇ. ಅವರ ಮುಖ ಅರಳುತ್ತಿತ್ತು. ಆ ಮುಖ ನೋಡುವುದಕ್ಕೆಂದೇ ನಾನು ಬೆಳಗಿನ ಮೊದಲ ಬಸ್ಸು ಹಿಡಿಯುತ್ತಿದ್ದೆ.

ನಮ್ಮ ಮನೆ ಕೊಣನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಅರಕಲಗೂಡಿನಲ್ಲಿ ಬಸ್ ಮೆಕ್ಯಾನಿಕ್. ತಾತನ ಕಾಲದಲ್ಲಿ ನಮ್ಮ ಕೇರಿಯೊಳಗೆ ಊರ ಮೇಷ್ಟ್ರುಗಳೂ ಕಾಲಿಡುತ್ತಿರಲಿಲ್ಲವಂತೆ. ಅಪ್ಪ ಬೌದ್ಧನಾದ ಮೇಲೆ ನಡುಮನೆಯ ಗೋಡೆಗೆ ಬುದ್ಧನ ಪಟ ಬಂತು, ಆದರೆ ಅವ್ವನ ಅಂಜಿಕೆ ಹೋಗಲಿಲ್ಲ. ಒಂದು ಭಾನುವಾರ ಸರ್ ರಾಮನಾಥಪುರದಲ್ಲಿ ಯಾರದೋ ಮದುವೆ ಮುಗಿಸಿಕೊಂಡು ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅವ್ವ ಬಾಗಿಲ ಮರೆಯಲ್ಲೇ ನಿಂತು, "ಸಾ, ನಮ್ಮನೇಲಿ ಕಾಪಿ ಕುಡೀತೀರಾ?" ಎಂದಳು.

"ಕಾಫಿ ಯಾಕಮ್ಮ, ಊಟದ ಹೊತ್ತು. ಊಟಾನೇ ಹಾಕಿ."

ಮುದ್ದೆ, ಹುರುಳಿಕಾಳಿನ ಸಾರು. ಮದುವೆಮನೆಯಲ್ಲಿ ಉಂಡು ಬಂದವರು ನಮ್ಮಲ್ಲಿ ಮತ್ತೆ ಉಂಡರು. ಕೈ ತೊಳೆದು ಅಪ್ಪನಿಗೆ, "ನಿಮ್ಮ ಮಗಳನ್ನ ನನಗೆ ಬಿಡಿ. ಸಂಶೋಧನೆ ಮಾಡೋ ತಲೆ ಇದು" ಎಂದರು. ಅವರು ಹೋದ ಮೇಲೆ ಅವ್ವ ಆ ತಟ್ಟೆಯನ್ನು ಬೇಗ ತೊಳೆಯಲೇ ಇಲ್ಲ. ಬಂದವರಿಗೆಲ್ಲ ತೋರಿಸಿದಳು.

ಪ್ರಾಜೆಕ್ಟಿಗೆ ಅವರು ನನಗೆ ಕೊಟ್ಟದ್ದು ಟೈಲ್ಸಿನ ಲೆಕ್ಕ. ಚೌಕದ ಬಿಲ್ಲೆಗಳು, ಪ್ರತಿಯೊಂದರ ನಾಲ್ಕು ಅಂಚಿಗೂ ಒಂದೊಂದು ಬಣ್ಣ. ಬಿಲ್ಲೆಯನ್ನು ತಿರುಗಿಸುವಂತಿಲ್ಲ. ಪಕ್ಕಪಕ್ಕದಲ್ಲಿ ಇಟ್ಟಾಗ ತಾಗುವ ಅಂಚುಗಳ ಬಣ್ಣ ಒಂದೇ ಆಗಿರಬೇಕು. ಮಾದರಿಗಳು ಕೆಲವೇ, ಆದರೆ ಒಂದೊಂದರಲ್ಲೂ ಬೇಕಾದಷ್ಟು ಬಿಲ್ಲೆ ಸಿಗುತ್ತವೆ. ನಾಲ್ಕು ದಿಕ್ಕಿಗೂ ಕೊನೆಯಿಲ್ಲದ ನೆಲವನ್ನು ಅವುಗಳಿಂದ ಮುಚ್ಚಬಹುದೇ? ಎಂಥ ಮಾದರಿಗಳನ್ನು ಕೊಟ್ಟರೂ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ತಪ್ಪಿಲ್ಲದೆ ಹೇಳುವ ಒಂದು ವಿಧಾನವನ್ನು ನಾನು ಕಂಡುಹಿಡಿಯಬೇಕು.

"ಇಂಟರ್ನೆಟ್ ನೋಡಬೇಡ, ಪುಸ್ತಕಾನೂ ಬೇಡ," ಎಂದರು. "ಬೇರೆಯವರು ನಡೆದ ದಾರಿ ನೋಡಿದರೆ ನಿನ್ನ ತಲೆ ಅಲ್ಲೇ ಓಡುತ್ತೆ. ನಾನು ಹೇಳುವವರೆಗೂ ನಿನ್ನದೇ ಯೋಚನೆ ಇರಲಿ."

ಗುರುವಿನ ಮಾತು. ನಾನು ನೋಡಲಿಲ್ಲ. ಒಮ್ಮೆ ಮಾತ್ರ ತಡೆಯಲಾರದೆ ಮೊಬೈಲಿನಲ್ಲಿ 'ಟೈಲ್ಸ್' ಎಂದು ಬರೆದು ಹುಡುಕಿದೆ. ಅಂಗಡಿಗಳು ಬಂದವು. ಆಮೇಲೆ ತಿಂಗಳುಗಟ್ಟಲೆ ಬಚ್ಚಲುಮನೆಯ ಟೈಲ್ಸಿನ ಜಾಹೀರಾತು ನನ್ನ ಬೆನ್ನು ಬಿಡಲಿಲ್ಲ.

ಹಳೆಯ ರಟ್ಟುಗಳನ್ನು ಅಪ್ಪ ತಗಡಿನ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿಕೊಡುತ್ತಿದ್ದ. "ಏನವ್ವಾ ಇದು, ಆಟನೋ ಪಾಟನೋ?" ಎಂದು ನಗುತ್ತ ತಾನೂ ನೆಲಕ್ಕೆ ಕೂತು ಜೋಡಿಸುತ್ತಿದ್ದ. ನಾವು ಹಾಕಿಕೊಂಡ ಮಾದರಿಗಳಲ್ಲಿ ಕೆಲವು ಸ್ವಲ್ಪ ದೂರ ಹೋಗಿ ಕೂಡದೆ ನಿಂತುಬಿಡುತ್ತಿದ್ದವು. ಉಳಿದವುಗಳಲ್ಲಿ ಒಂದು ವಿನ್ಯಾಸ ಹುಟ್ಟಿ, ಸೀರೆಯ ಅಂಚಿನ ಹಾಗೆ ಅದೇ ಮರಳಿ ಮರಳಿ ಬರುತ್ತಿತ್ತು. ಹಾಗೆ ಬಂದರೆ ಮುಗಿಯಿತು, ಇಡೀ ನೆಲ ಮುಚ್ಚಿದಂತೆಯೇ. ನನಗೆ ದಾರಿ ಸಿಕ್ಕಿತೆನಿಸಿತು. ಓಡಿಹೋಗಿ ಹೇಳಿದೆ: "ಸರ್, ಎರಡೇ ಸಾಧ್ಯತೆ. ಒಂದು, ಎಲ್ಲೋ ಸಿಕ್ಕಿಕೊಳ್ಳುತ್ತೆ. ಇಲ್ಲದಿದ್ದರೆ ಮತ್ತೆ ಮತ್ತೆ ಅದೇ ಬರುತ್ತೆ. ಎರಡನ್ನೂ ಜೊತೆಯಲ್ಲೇ ಹುಡುಕುತ್ತಾ ಹೋದರೆ ಯಾವುದಾದರೊಂದು ಸಿಕ್ಕೇ ಸಿಗುತ್ತೆ. ಎರಡರ ಹೊರತು ಮೂರನೆಯದಿಲ್ಲ ಅಂತ ತೋರಿಸಿದರೆ ಸಾಕು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು. ಮೂರನೆಯದಿಲ್ಲ ಅಂತ ತೋರಿಸು. ಮುಂದುವರಿಸು."

ಮುಂದುವರಿಸಿದೆ. ಜ್ವರ ಬಂದಾಗಲೂ ಬಿಡಲಿಲ್ಲ. ಗೆಳತಿಯರ ಪ್ರಾಜೆಕ್ಟುಗಳು ಮುಗಿದು ಬೈಂಡ್ ಆದವು. ನನ್ನದು ಅರ್ಧಕ್ಕೇ ನಿಂತಿತು. ಅಷ್ಟನ್ನೇ ಒಪ್ಪಿಸಿ ಹೇಗೋ ಪಾಸಾದೆ. ಅದೇ ಬೇಸಿಗೆಯಲ್ಲಿ ಸಂಶೋಧನೆಗೆ ಒಂದು ಸೀಟು ಇತ್ತು. ಸಂದರ್ಶನದಲ್ಲಿ ಸರ್ ಕೂಡ ಕೂತಿದ್ದರು. ಸೀಟು ಸಿಕ್ಕಿದ್ದು ನನ್ನ ಸಹಪಾಠಿಗೆ, ಅವರ ಬೀದಿಯವನೇ ಆದ ಹುಡುಗನಿಗೆ. "ನಿನ್ನ ಪ್ರಾಜೆಕ್ಟಿನಲ್ಲಿ ಇನ್ನೂ ಫಲಿತಾಂಶ ಬಂದಿಲ್ಲವಲ್ಲ, ನಾನೇನು ಮಾಡಲಿ?" ಎಂದರು ಸರ್. ನಾನು ಅವರನ್ನು ದೂರಲಿಲ್ಲ. ನನ್ನ ತಲೆಯನ್ನೇ ಬೈದುಕೊಂಡೆ.

ಮಳೆಗಾಲದಲ್ಲಿ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಕಾರ್ಯಾಗಾರ ನಡೆಯಿತು. ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಅನುಕೂಲವಾದೀತೆಂದು ಹೋದೆ. ಮೈಸೂರಿನಿಂದ ಬಂದಿದ್ದ ಮೇಡಂ ಒಬ್ಬರು ತೀರ್ಮಾನಿಸಲಾಗದ ಸಮಸ್ಯೆಗಳ ಬಗ್ಗೆ ಪಾಠ ಮಾಡಿದರು. ಯಾವ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೋ ಇಲ್ಲವೋ ಎಂದು ಸರಿಯಾಗಿ ಹೇಳಬಲ್ಲ ಒಂದು ಪ್ರೋಗ್ರಾಂ ಇದೆಯೆಂದೇ ಇಟ್ಟುಕೊಳ್ಳಿ, ಎಂದರು. ಅದನ್ನು ಹೊಟ್ಟೆಯೊಳಗೆ ಸೇರಿಸಿ ಇನ್ನೊಂದನ್ನು ಬರೆಯೋಣ. ಇದು ತನ್ನ ವಿಷಯವನ್ನೇ ಅದರ ಹತ್ತಿರ ಕೇಳಲಿ. 'ನೀನು ನಿಲ್ಲುತ್ತೀಯ' ಎಂದು ಉತ್ತರ ಬಂದರೆ ನಿಲ್ಲದೆ ಓಡಲಿ. 'ನಿಲ್ಲುವುದಿಲ್ಲ' ಎಂದು ಬಂದರೆ ಆ ಕ್ಷಣವೇ ನಿಲ್ಲಲಿ. ಏನು ಹೇಳಿದರೂ ಹೇಳಿದ್ದು ಸುಳ್ಳಾಗುತ್ತದೆ. ಆದ್ದರಿಂದ ಅಂಥ ಪ್ರೋಗ್ರಾಂ ಇರುವುದಕ್ಕೇ ಸಾಧ್ಯವಿಲ್ಲ.

ಎಷ್ಟು ಚೆಂದ ಎಂದುಕೊಂಡು ಕೇಳುತ್ತಿದ್ದೆ. ಆಗ ಅವರು ಬೋರ್ಡಿನ ಮೇಲೆ ಚೌಕಗಳನ್ನು ಬರೆದು ಅಂಚುಗಳಿಗೆ ಬಣ್ಣ ಹಚ್ಚತೊಡಗಿದರು. ಒಂದೊಂದು ಸಾಲು ಪ್ರೋಗ್ರಾಂ ಓಡಿಸುವ ಯಂತ್ರದ ಒಂದೊಂದು ಹೆಜ್ಜೆ. ಯಂತ್ರ ನಿಲ್ಲದಿದ್ದರೆ ಮಾತ್ರ ನೆಲ ಪೂರ್ತಿ ಮುಚ್ಚುತ್ತದೆ. ಹಾಗಾಗಿ ಬಿಲ್ಲೆಗಳ ಪ್ರಶ್ನೆಗೂ ಎಲ್ಲಕ್ಕೂ ಒಗ್ಗುವ ವಿಧಾನ ಇಲ್ಲ. "ನೆಲವನ್ನೆಲ್ಲ ಮುಚ್ಚಿದರೂ ವಿನ್ಯಾಸ ಎಂದೂ ಮರಳಿ ಬಾರದಂಥ ಮಾದರಿಗಳೂ ಇವೆ," ಎಂದರು. ಅದು ನನ್ನ ಮೂರನೆಯದು. ಇಲ್ಲ ಎಂದು ತೋರಿಸಲು ನಾನು ಹೆಣಗಿದ್ದು.

ಊಟದ ಬಿಡುವಿನಲ್ಲಿ ಮೇಡಂ ಹತ್ತಿರ ಹೋಗಿ, ಇದು ಹೊಸದಾಗಿ ಗೊತ್ತಾದದ್ದೇ ಎಂದು ಕೇಳಿದೆ.

"ನಾನು ಹುಟ್ಟೋಕೆ ಮುಂಚೆಯೇ ಗೊತ್ತಿದ್ದದ್ದಮ್ಮ. ನೀವು ಹಾಸನದವರಾ? ಹಾಗಾದರೆ ನಿಮ್ಮ ಲಾಜಿಕ್ ಸರ್ ಹೇಳಿರಬೇಕಲ್ಲ. ನನಗೆ ಇದನ್ನ ಕಲಿಸಿದವರೇ ಅವರು."

ತಟ್ಟೆ ಅಲ್ಲೇ ಇಟ್ಟು ಹೊಳೆನರಸೀಪುರದ ಬಸ್ಸು ಹತ್ತಿದೆ. ಸರ್ ನಮ್ಮ ಮನೆಗೆ ಬಂದಿದ್ದರೇ ಹೊರತು ಅವರ ಮನೆಗೆ ನಾನು ಹೋಗುತ್ತಿದ್ದದ್ದು ಅದೇ ಮೊದಲು. ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ಚನ್ನರಾಯಪಟ್ಟಣ ಎಂದ ಕೂಡಲೇ ಅವರಿಗೆ ಅರ್ಥವಾಯಿತು.

"ನಿಮಗೆ ಗೊತ್ತಿತ್ತಾ ಸರ್?"

"ಗೊತ್ತಿತ್ತು. ಕೂತ್ಕೋ."

ನಾನು ಕೂರಲಿಲ್ಲ. "ಮತ್ತೆ ಯಾಕೆ ಕೊಟ್ಟಿರಿ?"

ಪತ್ರಿಕೆಯನ್ನು ಮಡಿಸಿದರು. ಪಾಠದ ಹೊತ್ತಿನ ಅದೇ ಸಮಾಧಾನದ ಧ್ವನಿ. "ನೋಡಮ್ಮ, ನಿಮ್ಮವರಿಗೆ ಹೇಗಿದ್ದರೂ ಸರ್ಕಾರಿ ನೌಕರಿ ಸಿಗುತ್ತೆ. ಆ ಹುಡುಗನಿಗೆ ಈ ಸೀಟು ಬಿಟ್ಟರೆ ಬೇರೇನಿದೆ? ನೀನು ಏನಾದರೂ ಮಾಡಿ ಮುಗಿಸಿಬಿಟ್ಟಿದ್ದರೆ ನಾನು ನಿನಗೇ ಕೊಡಬೇಕಾಗ್ತಿತ್ತು. ಅಷ್ಟು ಚುರುಕು ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹೊಗಳಿದರು. ಮೆಟ್ಟಿಲಿಳಿದು ಬಂದೆ.

ಮನೆಯಲ್ಲಿ ಹೇಳಿದಾಗ ಅಪ್ಪ ರಟ್ಟಿನ ಬಿಲ್ಲೆಗಳನ್ನು ತಂದು ನೆಲದ ಮೇಲೆ ಸುರಿದ. ಆಮೇಲೆ, "ಆಗಾಕಿಲ್ಲ ಅಂತ ಗೊತ್ತಿದ್ದೂ ಏಳ್ನಿಲ್ವಾ? ನಾನೂ ಕುಂತ್ಕಂಡು ಜೋಡಿಸ್ತಿದ್ನಲ್ಲವ್ವಾ!" ಎಂದ. ಅವ್ವ ಮಾತ್ರ ನಂಬಲೇ ಇಲ್ಲ. "ನಮ್ಮನೇಲಿ ಉಂಡವ್ರು ಕಣವ್ವಾ ಅವ್ರು. ಉಂಡವ್ರು ಅಂಗೆ ಮಾಡ್ತಾರಾ? ನೀನೇ ಏನೋ ತೆಪ್ಪಾಗಿ ತಿಳ್ಕಂಡಿದ್ದೀಯ."

ಮೈಸೂರಿನ ಮೇಡಂ ಪುಸ್ತಕಗಳನ್ನು ಕಳಿಸಿದರು, ಗೊತ್ತಾಗದ ಕಡೆ ಫೋನಿನಲ್ಲಿ ತಿಳಿಸಿ ಹೇಳಿದರು. ಆ ಪ್ರಮೇಯವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಬರೆಯುವಷ್ಟು ಕಲಿತೆ. ಪರೀಕ್ಷೆ ಬರೆದೆ, ಪದವಿ ಕಾಲೇಜಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಆದೇಶ ಬಂದ ದಿನ ಅಪ್ಪ ಡಿಪೋದವರಿಗೆಲ್ಲ ಮೈಸೂರುಪಾಕು ಹಂಚಿದ. ನನ್ನ ಪಾಲಿನದನ್ನು ನಾನು ಡಬ್ಬಿಯಲ್ಲೇ ಬಿಟ್ಟೆ. ರಾತ್ರಿಯೆಲ್ಲ ಓದಿ ಪಡೆದದ್ದೂ ಆ ಜಗಲಿಯ ಮಾತನ್ನು ನಿಜಮಾಡಲೆಂದೇ ಬಂದಂತೆ ಕಾಣುತ್ತಿತ್ತು. ಅದೊಂದು ಸಂತೋಷವನ್ನೂ ಅವರು ಮೊದಲೇ ಕಿತ್ತುಕೊಂಡಿದ್ದರು.

ಹೋದ ವರ್ಷ ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ನೆರೆತಿತ್ತು. ಜೊತೆಗಿದ್ದ ಯಾರಿಗೋ ನನ್ನನ್ನು ತೋರಿಸಿ, "ನನ್ನ ಶಿಷ್ಯೆ. ಈಗ ಲೆಕ್ಚರರ್. ಆಗಲೇ ಇವಳಿಗೆ ಎಂಥ ಕಷ್ಟದ ಸಮಸ್ಯೆ ಕೊಟ್ಟಿದ್ದೆ ಅಂತೀರಿ!" ಎಂದರು.

ನಾನು ಆ ಮನುಷ್ಯನ ಕಡೆ ತಿರುಗಿ, "ಅದು ಯಾರಿಂದಲೂ ಆಗಲ್ಲ ಅಂತ ಸರ್‌ಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟರು," ಎಂದೆ.

ಆತ ಜೋಕೆಂದು ತಿಳಿದು ಜೋರಾಗಿ ನಕ್ಕ. ಸರ್ ಕೂಡ ನಕ್ಕರು, ನನ್ನ ಮುಖ ನೋಡದೆ. ಕೊಣನೂರಿನ ಬಸ್ಸು ಬಂದು ನಿಂತಿತ್ತು. ನಾನು ಹತ್ತಿದೆ.