ತಮ್ಮ ಆರಿಸಿಕೊಂಡ ಕಮಜೋರಿಗಳು

ನನ್ನ ತಮ್ಮನಿಗೆ ಈಜು ಬರುತ್ತಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಅವನ ಮಣ್ಣಿಗೆ ಬಂದವರೆಲ್ಲ, ಈಜು ಬಾರದ ಹುಡುಗನನ್ನು ಗೆಳೆಯರು ನೀರಿಗೆ ಇಳಿಸಿದರು ಎಂದು ನಂಬಿಕೊಂಡು ಹೋದರು. ಹಾಗೆ ನಂಬಿಸಿದವರು ನಮ್ಮ ಮನೆಯವರೇ. ರಾವೂರ ಕಡೆ ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ನಮ್ಮೂರು ವಾಡಿಯ ಹುಡುಗರು ಈಜು ಕಲಿಯುವುದು ಅಲ್ಲೇ. ನನ್ನ ತಮ್ಮ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಕಲಿತಾಗ ಅವನಿಗೆ ಹತ್ತು ವರ್ಷ.

ಹದಿನೇಳನೆಯ ವರ್ಷದಿಂದ ಅವನಿಗೆ ಫಿಟ್ಸ್ ಬರುತ್ತಿತ್ತು. ಅವನು ಮುಳುಗಿ ಸತ್ತ ದಿನ ಅದು ನೀರಿನಲ್ಲಿದ್ದಾಗ ಬಂತು. ಜೊತೆಗಿದ್ದ ಇಬ್ಬರು ಗೆಳೆಯರಿಗೆ ಅವನಿಗೆ ಹೀಗಾಗುತ್ತದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಾಗದಂತೆ ಐದು ವರ್ಷ ಕಾದವಳು ನಾನು.

ಅವನ ಗುಳಿಗೆಗಳನ್ನು ವಾಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಔಷಧಿ ಅಂಗಡಿಯವನಿಗೆ ಗೊತ್ತಾದರೆ ಓಣಿಗೆಲ್ಲ ಗೊತ್ತಾದಂತೆ ಎಂದು ಅವ್ವ ಹೇಳಿದ್ದಳು. ತಿಂಗಳಿಗೊಮ್ಮೆ ಪ್ಯಾಸೆಂಜರ್ ಹಿಡಿದು ಕಲಬುರಗಿಗೆ ಹೋಗುತ್ತಿದ್ದೆ. ಮನೆಗೆ ಬಂದು ಒಂದೊಂದೇ ಗುಳಿಗೆ ಬಿಡಿಸಿ, ತಾಕತ್ತಿನ ಗುಳಿಗೆಯ ಹಳೆಯ ಬಾಟಲಿಯಲ್ಲಿ ಹಾಕಿಡುತ್ತಿದ್ದೆ. ಬಿಡಿಸಿದ ಖಾಲಿ ಹಾಳೆಗಳನ್ನು ಒಲೆಗೆ ಹಾಕುತ್ತಿದ್ದೆ. ಅಪ್ಪ ಹೋದ ಮೇಲೆ ಮನೆಯ ದೊಡ್ಡ ಮಾತೆಲ್ಲ ಸೋದರಮಾವನದು. ಅವನು ಒಂದೇ ಮಾತು ಹೇಳಿದ್ದ: “ಫಿಟ್ಸ್ ಇದ್ದ ಮನಿಗಿ ಹೆಣ್ಣು ಕೊಡಂಗಿಲ್ಲ, ಆ ಮನಿ ಹೆಣ್ಣು ತರಂಗಿಲ್ಲ. ಬಾಯಿ ಮುಚ್ಕೊಂಡು ಇರ್ರಿ.” ನಾವು ಇದ್ದೆವು.

ತಮ್ಮ ಸ್ಟೇಷನ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಹಳೆಯ ಭಾಗಗಳನ್ನು ಕೂಡಿಸಿ ಒಂದು ಕಂಪ್ಯೂಟರ್ ಕಟ್ಟಿಕೊಂಡು, ನನ್ನ ಹೊಲಿಗೆ ಮಷಿನ್ ಇದ್ದ ಕೋಣೆಯಲ್ಲೇ ಇಟ್ಟುಕೊಂಡ. ಭಾನುವಾರ ಮಧ್ಯಾಹ್ನ ನಾನು ಬ್ಲೌಸ್ ಹೊಲಿಯುತ್ತಿದ್ದೆ, ಅವನು ಜಾಂಬಿ ಆಟ ಆಡುತ್ತಿದ್ದ. ಊರ ತುಂಬ ಸತ್ತು ಎದ್ದವರು ತಿರುಗುತ್ತಿರುತ್ತಾರೆ. ಆ ಆಟದಲ್ಲಿ ಗೆಲ್ಲುವುದು ಎಂಬುದಿಲ್ಲ. ಎಷ್ಟು ದಿನ ಬದುಕುತ್ತೀ ಎಂಬುದಷ್ಟೇ.

ಆಟಕ್ಕೆ ಮೊದಲು ಒಬ್ಬ ಮನುಷ್ಯನನ್ನು ಕಟ್ಟಬೇಕು. ಒಂದು ಕಡೆ ತಾಕತ್ತುಗಳ ಪಟ್ಟಿ, ಇನ್ನೊಂದು ಕಡೆ ದೌರ್ಬಲ್ಯಗಳದ್ದು. ತಮ್ಮ ಅವನ್ನು ಕಮಜೋರಿ ಎನ್ನುತ್ತಿದ್ದ. ತಾಕತ್ತು ಬೇಕಾದರೆ ಪಾಯಿಂಟ್ ಕೊಡಬೇಕು, ಪಾಯಿಂಟ್ ಬೇಕಾದರೆ ಕಮಜೋರಿ ತೆಗೆದುಕೊಳ್ಳಬೇಕು. ಒಂದು ಭಾನುವಾರ ನನ್ನನ್ನೂ ಎಳೆದು ಕೂರಿಸಿದ.

“ನನಗ ಕಮಜೋರಿ ಬ್ಯಾಡ, ಖಾಲಿ ಬಿಡು,” ಎಂದೆ.

“ಖಾಲಿ ಬಿಟ್ರ ತಾಕತ್ತೂ ಇಲ್ಲ. ಎರಡು ದಿನ ಸುದ್ದಾ ಉಳಿಯಂಗಿಲ್ಲ ನೀ.”

“ಮತ್ತ ಅಂಜುಬುರುಕಿ ಅಂತ ಹಾಕು.”

“ಅದು ಹಾಕೋದು ಯಾಕ ಬೇಕು, ಮೊದಲೇ ಅದಿ.”

ನಾನು ಆಸೆಗೆ ಬಿದ್ದೆ. ಭಾಳ ಪಾಯಿಂಟ್ ಬರುತ್ತವೆ ಎಂದು ಕಿವಿ ಮಂದ, ಕಣ್ಣು ಮಂದ ಎರಡನ್ನೂ ತೆಗೆದುಕೊಂಡು, ಆ ಪಾಯಿಂಟ್‌ಗಳಲ್ಲಿ ಭೀಮನಂಥ ತೋಳು ಕೊಂಡೆ. ಮೊದಲನೆಯ ಮನೆಯ ಅಡಿಗೆಕೋಣೆಯಲ್ಲಿ ನೀರು ತುಂಬಿಕೊಳ್ಳುವಾಗ ಹಿಂದಿನಿಂದ ಒಂದು ಬಂದು ಕುತ್ತಿಗೆ ಕಚ್ಚಿತು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮಾಸ್ತರನಂತೆ ಪಾಠ ಹೇಳಿದ. ಕಣ್ಣು ಮಂದವಿದ್ದರೆ ಚಷ್ಮಾ ಹುಡುಕಿ ಹಾಕಿಕೊಂಡರೆ ಆಯಿತು. ಸಿಗರೇಟಿನ ಚಟವಿದ್ದರೆ ಸತ್ತವರ ಜೇಬು ತಡಕಬೇಕು, ಕಡ್ಡಿಪೆಟ್ಟಿಗೆ ಬಿಡಬಾರದು. ದಮ್ಮು ಕಡಿಮೆಯಿದ್ದರೆ ಓಡಲೇಬಾರದು, ದೂರದಲ್ಲಿ ಕಂಡಾಗಲೇ ನಡೆದು ಹೋಗಿಬಿಡಬೇಕು. ಕಿವಿ ಮಂದವಿದ್ದರೆ ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಬೇಕು, ಕೂಡುವಾಗ ಬೆನ್ನು ಗೋಡೆಗೆ ಇರಬೇಕು. ಆದರೆ ಕಿವಿ, ಕಣ್ಣು ಎರಡೂ ಹೋದವನು ಯಾವುದನ್ನು ನೆಚ್ಚಿಕೊಳ್ಳಬೇಕು?

“ಹಗ್ಗ ಹಾಕಿ ಕಟ್ಟಲಿಕ್ಕಿ ಬರೋ ಕಮಜೋರಿ ತಗೋಬೇಕಕ್ಕಾ. ಹಾಯೋ ಎಮ್ಮಿ ತಗೋಬಾರ್ದು.”

ಪಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತ ಇನ್ನೊಂದು ಮಾತು ಹೇಳಿದ: “ನಂದು ಇದರಾಗ ಇಲ್ಲೇ ಇಲ್ಲ. ಇದ್ದಿದ್ರ ಪಾಯಿಂಟ್ ಸುರೀತಿದ್ವು.” ನಾನು ಅವನ ತಲೆಗೆ ಮೊಟಕಿದೆ.

ಅವನು ಆಡುತ್ತಿದ್ದುದು ಇಬ್ಬರು ಗೆಳೆಯರ ಜೊತೆ. ಒಬ್ಬ ವಾಡಿಯವನೇ. ಇನ್ನೊಬ್ಬ ಶಹಾಬಾದದವನು, ಐಟಿಐನಲ್ಲಿ ಜೊತೆಗೆ ಓದಿದವನು. ಅವರವರ ಮನೆಯಲ್ಲಿ ಕುಳಿತು ಒಂದೇ ಊರಿನೊಳಗೆ ಆಡುತ್ತಿದ್ದರು. ಅವರಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಮನುಷ್ಯನನ್ನು ಕಟ್ಟಿದವನು ಮನೆ ಬಿಟ್ಟು ಹೊರಡುವ ಮೊದಲು ತನ್ನ ಕಮಜೋರಿಗಳನ್ನೆಲ್ಲ ಉಳಿದಿಬ್ಬರಿಗೆ ಹೇಳಬೇಕು. ಮುಚ್ಚಿಟ್ಟವನನ್ನು ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ. ತಮ್ಮ ಮೈಕ್ ಹತ್ತಿರ ಎಳೆದುಕೊಂಡು ಹೇಳುತ್ತಿದ್ದ: “ನಂದು ಕಿವಿ ಮಂದ. ರಕ್ತ ನೋಡಿದ್ರ ಕೈ ನಡಗ್ತಾವ. ಯಾರರ ನನ್ನ ಎಡಕ್ಕ ನಿಂದರ್ರಿ.” ಶಹಾಬಾದದ ಹುಡುಗ ಎಡಕ್ಕೆ ನಿಲ್ಲುತ್ತಿದ್ದ. ಪ್ರತಿ ಸಲ ಅವನೇ. ಅದೇ ಹೊತ್ತಿಗೆ ನಾನು ಬಾಟಲಿಯಿಂದ ಮಧ್ಯಾಹ್ನದ ಗುಳಿಗೆ ತೆಗೆದುಕೊಟ್ಟರೆ, “ಅಕ್ಕ ತಾಕತ್ತಿನ ಗುಳಿಗಿ ಕೊಡ್ಲಿಕತ್ತಾಳ,” ಎಂದು ನಗಿಸುತ್ತಿದ್ದ. ಅವರೂ ನಗುತ್ತಿದ್ದರು.

ಒಮ್ಮೆ ಮೈಕ್ ಬಂದ್ ಮಾಡಿ ಕೇಳಿದ. “ಅಕ್ಕಾ, ಇವರಿಬ್ಬರಿಗರೆ ಹೇಳ್ಲೇನು?”

ಆಗ ಸೇಡಂನಿಂದ ನನಗೊಂದು ಸಂಬಂಧ ಬಂದಿತ್ತು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ತಲೆ ಸಹ ಎತ್ತಲಿಲ್ಲ. “ನನ್ನ ಮದುವಿ ಆಗ್ಲಿ. ಆಮ್ಯಾಲ ಊರಿಗೆಲ್ಲ ಡಂಗುರ ಸಾರು,” ಎಂದೆ.

ಅವನು ಮತ್ತೆ ಕೇಳಲಿಲ್ಲ. ಕೇಳದ್ದಕ್ಕೆ ಅವನ ಮೇಲೂ ಸಿಟ್ಟಿದೆ. ಜಗಳ ಆಡಬೇಕಿತ್ತು. ನನ್ನ ಮಾತನ್ನು ಗಾಳಿಗೆ ತೂರಿ ಹೇಳಿಬಿಡಬೇಕಿತ್ತು.

ಮಣ್ಣಿನ ದಿನ ಶಹಾಬಾದದ ಹುಡುಗ ನಮ್ಮ ಅಂಗಳದಲ್ಲಿ ನಿಂತು ನಡೆದದ್ದನ್ನು ಹೇಳಿದ. “ಕೈಕಾಲ ಝಾಡಿಸ್ಲಿಕತ್ತಿದ್ದ. ಚಾಷ್ಟಿ ಮಾಡ್ಲಿಕತ್ತಾನ ಅಂದ್ಕೊಂಡು ನಕ್ಕೋತ ನಿಂತ್ವಿರಿ.” ನನಗೆ ಅಲ್ಲೇ ತಿಳಿಯಿತು. ಅವ್ವನಿಗೂ ತಿಳಿಯಿತು, ಸೆರಗು ಬಾಯಿಗೆ ಒತ್ತಿಕೊಂಡಳು. ಮಾವನಿಗೂ ತಿಳಿಯಿತು. ಅದಕ್ಕೇ ಅವನು ಎಲ್ಲರಿಗೂ ಕೇಳುವಂತೆ ಗದರಿದ: “ಈಸು ಬರಲಾರದವನಿಗಿ ಕರ್ಕೊಂಡು ಹೋಗಿ ಕೊಂದಿ. ಮ್ಯಾಲ ನಕ್ಕೋತ ನಿಂತಿದ್ನಂತ.”

ಹುಡುಗ ಬಾಯಿ ತೆರೆದ. ತನಗಿಂತ ಚೆನ್ನಾಗಿ ಈಜುತ್ತಿದ್ದವನ ಬಗ್ಗೆ ಇದೇನು ಮಾತು ಎಂದು ನನ್ನ ಕಡೆ ನೋಡಿದ. ನಾನು ಕಾಲ ಕೆಳಗಿನ ಪರ್ಸಿ ಕಲ್ಲು ನೋಡುತ್ತ ನಿಂತೆ.

ಆಮೇಲೆ ಅವನು ಕೆಲಸಕ್ಕೆ ಹೋಗುವುದನ್ನು ಬಿಟ್ಟ ಎಂದು ವಾಡಿಯ ಗೆಳೆಯ ಹೇಳಿದ. ಚಹಾದಂಗಡಿಯಲ್ಲಿ ಕೊಂದವನು ಎಂದು ಬೆರಳು ತೋರಿಸುತ್ತಾರಂತೆ. ಅವನು ತಾನೇ ಅದನ್ನು ನಂಬಿಬಿಟ್ಟಿದ್ದಾನಂತೆ. ನಮ್ಮ ಮನೆಗೆ ಮಾತ್ರ ಕನಿಕರ ಹರಿದು ಬರುತ್ತಿತ್ತು. ಬಂದವರು ನೀರಿಗೆ ಬಲಿ ಬೇಕಾಗಿತ್ತು ಎನ್ನುತ್ತಿದ್ದರು, ಹಣೆಬರಹ ಎನ್ನುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಆ ಕಪ್ಪುಗಳನ್ನು ತೊಳೆಯುವಾಗ ಗೋಡೆಗೆ ಅಪ್ಪಳಿಸಬೇಕು ಎನಿಸುತ್ತಿತ್ತು. ಸೇಡಂನವರೂ ಬಂದರು, ವರ್ಷದೊಳಗೆ ಅಕ್ಷತೆ ಹಾಕಿಬಿಡೋಣ ಎಂದರು. ಶಹಾಬಾದದ ಹುಡುಗನದು ತಪ್ಪಿಲ್ಲ ಎಂದು ಬಾಯಿ ಬಿಡೋಣವೇ ಎಂದು ಅವ್ವನನ್ನು ಕೇಳಿದೆ.

“ಹೋದವ ಹೋದ. ಈಗ ಬಾಯಿ ಬಿಟ್ರ ನೀನೂ ಹೋದಿ,” ಎಂದಳು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಆ ಕಂಪ್ಯೂಟರ್ ಹಚ್ಚಿದೆ. ಧೂಳು ಹಿಡಿಯುತ್ತಿದೆ ಎಂಬುದು ನೆಪ. ತಮ್ಮನ ಮನುಷ್ಯ ಇನ್ನೂ ಬದುಕಿದ್ದ. ಒಂದು ಮನೆಯ ಮೂಲೆಯಲ್ಲಿ ಕಿಟಕಿಯ ಪರದೆ ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಇನ್ನೊಬ್ಬ ಒಳಗೆ ಬಂದ. ಸ್ಕ್ರೀನ್ ಮೇಲೆ ಅಕ್ಷರ ಮೂಡಿತು, ಯಾರು ಎಂದು. ನಾನು ಅಕ್ಕ ಎಂದು ಒತ್ತಿದೆ. ಅವನು ನಡೆದು ಬಂದು ತಮ್ಮನ ಎಡಗಡೆ ನಿಂತ.

ನನಗೆ ಅಳು ಬರಲಿಲ್ಲ. ಮೈ ಉರಿಯಿತು. ಆಟದ ಸುಳ್ಳು ಕಿವುಡಿಗೆ ತಮ್ಮ ಸತ್ತ ಮೇಲೂ ಕಾವಲು ನಿಲ್ಲುವವನಿಗೆ, ಖರೆಯ ರೋಗ ಹೇಳದೆ ಕೊಲೆಗಾರನ ಪಟ್ಟ ಕಟ್ಟಿದ್ದೆವು.

ಮರುದಿನ ಡಾಕ್ಟರ್ ಚೀಟಿಗಳನ್ನೂ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಶಹಾಬಾದಕ್ಕೆ ಹೋದೆ. ಅವನ ತಾಯಿ ನೀರು ಕೊಟ್ಟು, “ಕುಂದರವ್ವ,” ಎಂದಳು. ನಾನು ನಿಂತೇ ಹೇಳಿದೆ. ಅವನು ಚೀಟಿಗಳನ್ನು ಒಂದೊಂದಾಗಿ ತಿರುವಿ, ಎಲ್ಲಕ್ಕಿಂತ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡ.

“ಐದು ವರ್ಷ?”

“ಹೂಂ.”

“ನಿಮ್ಮ ಮಾಮಾ ನನಗ ಅಂದಾಗ ನೀವು ಅಲ್ಲೇ ಇದ್ರಿ.”

“ಇದ್ದೆ.”

“ಅವನ ಆಟದಾಗಿನ ಒಂದು ಕಮಜೋರಿನೂ ಮರ್ತಿಲ್ಲರಿ ನಾ. ಇದೊಂದು ಗೊತ್ತಿದ್ರ ನೀರಿಗೇ ಇಳಸ್ತಿರ್ಲಿಲ್ಲ. ಇಳಿದ್ರೂ ಜುಟ್ಟ ಹಿಡ್ದು ಎಳೀತಿದ್ದೆ.” ಅವನ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವನ ತಾಯಿ ನಾನು ಕುಡಿಯದ ನೀರಿನ ಚೊಂಬು ಎತ್ತಿಕೊಂಡಳು. “ನಮ್ಮ ಮನ್ಯಾಗ ಹೇಳಿದ್ರ ಏನು ಬಂತವ್ವ? ನನ್ನ ಮಗನಿಗಿ ಅಂದದ್ದು ನಿಮ್ಮ ಅಂಗಳದಾಗ. ಅಲ್ಲಿ ಹೇಳು.”

ವಾಡಿಗೆ ಬಂದು, ಜೋಳ ಬೀಸಿಸಲು ಹೆಂಗಸರು ಸಾಲು ಹಚ್ಚಿದ್ದ ಗಿರಣಿಯಲ್ಲಿ ಹೇಳಿದೆ. ಅಂಗಳಕ್ಕಿಂತ ಅದು ದೊಡ್ಡದು. ಗಿರಣಿಯ ಸದ್ದಿನ ಮೇಲೆ ಕೇಳಲಿ ಎಂದು ದನಿ ಎತ್ತಿ ಹೇಳಿದೆ: ನನ್ನ ತಮ್ಮನಿಗೆ ಫಿಟ್ಸ್ ಇತ್ತು, ಅದನ್ನು ಮುಚ್ಚಿಟ್ಟವರು ನಾವು, ಆ ಹುಡುಗರದು ಏನೂ ತಪ್ಪಿಲ್ಲ. ಗಿರಣಿಯವನು ಪಟ್ಟಾ ಬಂದ್ ಮಾಡಿದ. ಒಬ್ಬ ಮುದುಕಿ, “ಇನ್ನೊಮ್ಮಿ ಹೇಳವ್ವ,” ಎಂದಳು. ಇನ್ನೊಮ್ಮೆ ಹೇಳಿದೆ.

ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಮಾವ ಅಂದಿನಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ವಾರದೊಳಗೆ ಸೇಡಂನಿಂದ ಫೋನ್ ಬಂತು, ಹುಡುಗ ಇನ್ನೂ ಓದಬೇಕು ಅನ್ನುತ್ತಿದ್ದಾನಂತೆ. ಅವನಿಗೆ ಮೂವತ್ತೆರಡು, ಗೊಬ್ಬರದ ಅಂಗಡಿ ಇದೆ. ಶಹಾಬಾದದ ಹುಡುಗ ಮತ್ತೆ ಕೆಲಸಕ್ಕೆ ಹೊರಟಿದ್ದಾನೆ ಎಂದು ವಾಡಿಯ ಗೆಳೆಯ ಹೇಳಿದ. ನನ್ನ ಜೊತೆ ಅವನು ಮಾತಾಡಿಲ್ಲ, ಆಟಕ್ಕೂ ಬಂದಿಲ್ಲ. ಬರಬೇಕೆಂದು ನಾನು ಹೇಳಿಕಳಿಸಿಯೂ ಇಲ್ಲ.

ಅವ್ವ ಹದಿನೈದು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಹದಿನಾರನೆಯ ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಕೇಳಿದಳು.

“ನೀರಾಗ ಅವನಿಗಿ ಗೊತ್ತಾಗಿರ್ತದೇನು?”

ಫಿಟ್ಸ್ ಬಂದಾಗ ಎಚ್ಚರ ಇರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಐದು ವರ್ಷದಲ್ಲಿ ಅವ್ವ ಆ ರೋಗದ ಬಗ್ಗೆ ನನ್ನನ್ನು ಕೇಳಿದ್ದು ಅದೇ ಮೊದಲು.