ದೆವ್ವದ ಪಾತ್ರ ಬೇಡವೆಂದ ಅವ್ವಾರು

ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿದ ಕಪ್ಪು ಕೈಗಳು, ಹಣೆಯ ಬೆವರಿಗೆ ಅಂಟಿದ ಬಿಳಿ ಗುಂಗುರು ಕೂದಲು. ಕುಂದಗೋಳದಲ್ಲಿ ನಾನು ಮಾಸ್ತರನಾಗಿದ್ದಷ್ಟು ವರ್ಷವೂ ಉಂಡದ್ದು ಅವರ ಖಾನಾವಳಿಯಲ್ಲೇ. ನಮಗೆಲ್ಲ ಅವರು ಅವ್ವಾರು. ಎರಡೇ ರೊಟ್ಟಿಗೆ ಎದ್ದವನನ್ನು, "ಎಲ್ಲಿ ಹೊಂಟ್ರಿ? ಕುಂಡ್ರರಿ!" ಎಂದು ಗದರಿಸಿ ಮತ್ತೊಂದು ಹಾಕುತ್ತಿದ್ದರು. ಊರಿನವರ ಸುದ್ದಿಯೆಲ್ಲ ಅವರ ಬಾಯಲ್ಲಿತ್ತು. ತೀರಿಹೋದ ಮಗಳ ಸುದ್ದಿಯೊಂದು ಬಿಟ್ಟು.

ಮಗಳು ಸತ್ತ ದುಃಖದಲ್ಲಿ ತಾಯಿಯೊಬ್ಬಳ ಮನಸ್ಸು ಕದಡಿ, ಮನೆಯೆಲ್ಲ ಭಯ ತುಂಬುವ ಕಥೆ ಹಿಡಿದು ಬೆಂಗಳೂರಿನ ಸಿನಿಮಾ ತಂಡವೊಂದು ಊರಿಗೆ ಬಂತು. ಸಂಭಾಷಣೆ ಬರೆಯುವ ಕೆಲಸ ನನಗೆ ಸಿಕ್ಕಿತು. ಉಬ್ಬಿಹೋದೆ. ಈ ಮಣ್ಣಿನಲ್ಲೇ ಹುಟ್ಟಿದ ನಾನು ತಾಯಿಗೆ ಬೆಂಗಳೂರಿನ ಕನ್ನಡ ಕೊಟ್ಟೆ. ನಮ್ಮ ಕಡೆಯ ಮಾತನ್ನು ಆ ಮನೆಯನ್ನು ಕಾಡುವ ಮುದುಕಿ ದೆವ್ವಕ್ಕೂ, ಜನರನ್ನು ನಗಿಸುವ ಮನೆಯಾಳಿಗೂ ಕೊಟ್ಟೆ. ನೋಡಿದ ಸಿನಿಮಾಗಳಲ್ಲೆಲ್ಲ ಹಾಗೇ ಇತ್ತಲ್ಲ!

ಊಟಕ್ಕೆ ಬಂದ ನಿರ್ದೇಶಕರು ಅವ್ವಾರ ಬಣ್ಣ, ಕೂದಲು ನೋಡಿ, "ನಮ್ಮ ದೆವ್ವ ಸಿಕ್ಕಿತು" ಎಂದರು. ನಾನೂ ನಕ್ಕೆ. ಅವ್ವಾರು ನಗಲಿಲ್ಲ.

"ಏನ್ ಕಥಿ ಐತ್ರಿ ಮಾಸ್ತರ?"

ಸತ್ತ ಮಗಳು ಬಾಗಿಲಲ್ಲಿ ಕಂಡಾಗ ತಾಯಿ ಚೀರುವ ದೃಶ್ಯ ಓದಿದೆ. ರೊಟ್ಟಿ ಬಡಿಯುವ ಕೈ ನಿಂತಿತು.

"ಮಗಳು ಬಂದ್ರ ಯಾರರೆ ಚೀರ್ತಾರೇನ್ರಿ? ಒಳಗ ಬಾ ಅಂತಾರ. ಬರಂಗಿಲ್ಲಲ್ಲ, ಅದಕ್ಕ ಹೆದರಿಕಿ. ದೆವ್ವ ಆಗಂಗಿಲ್ರಿ ನಾ. ಅವ್ವನ್ನ ಮಾಡಂದ್ರ ಮಾಡ್ತೀನಿ."

ತಾಯಿಯ ಪಾತ್ರದ ನಟಿ ಇನ್ನೂ ಬಂದಿರಲಿಲ್ಲ. ನಿರ್ದೇಶಕರು, "ಒಂದು ದೃಶ್ಯ ತೆಗೆದು ನೋಡೋಣ" ಎಂದರು.

ಮರುದಿನ ಮಧ್ಯಾಹ್ನ ಖಾನಾವಳಿಯಲ್ಲೇ ಕ್ಯಾಮೆರಾ ಇಟ್ಟರು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಹಿಟ್ಟಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಹೊರಗಿನ ರಸ್ತೆಯ ಸದ್ದು ಎಲ್ಲಿಗೋ ದೂರ ಹೋದಂತಿತ್ತು. ಅವ್ವಾರು ಒಲೆಯ ಮುಂದಿನಿಂದ ತಲೆಯೆತ್ತಿ ಖಾಲಿ ಬಾಗಿಲನ್ನು ನೋಡಿದರು.

"ಬಾ ಯವ್ವಾ. ಬಿಸಿಲಾಗ ಯಾಕ ನಿಂತಿ? ಒಳಗ ಬಾ."

ಬಾಗಿಲಲ್ಲಿ ನನಗೂ ಯಾರೋ ಕಂಡಂತಾಯಿತು. ಮಗಳ ಪಾತ್ರದ ಹುಡುಗಿಯನ್ನು ಇನ್ನೂ ಕರೆದೇ ಇರಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದುಹೋಗುವವರೆಗೆ ಯಾರೂ 'ಕಟ್' ಎನ್ನಲಿಲ್ಲ. ಹೀಗೆ ಅವ್ವಾರೇ ಆ ಚಿತ್ರದ ತಾಯಿಯಾದರು, ತಮ್ಮದೇ ಮಾತಿನಲ್ಲಿ.

ಕೆಲವು ತಿಂಗಳ ಮೇಲೆ ಸಿನಿಮಾದವರ ಫೋನ್ ಬಂತು. ಈ ಭಾಷೆ ಎಲ್ಲ ಕಡೆ ನಡೆಯುವುದಿಲ್ಲ, ತಾಯಿಗೆ ಬೇರೆಯವರ ಧ್ವನಿ ಹಾಕಿಸುತ್ತೇವೆ, ಮಾತು ತಿದ್ದಿ ಕಳಿಸಿ ಎಂದರು. ಇಲ್ಲವೆಂದರೆ ಪರದೆಯ ಮೇಲೆ ನನ್ನ ಹೆಸರು ಬರುವುದಿಲ್ಲವಂತೆ. ಹೆಸರಿನ ಆಸೆಗೆ ಬಿದ್ದೆ. ಒಂದೇ ಸಂಜೆಯಲ್ಲಿ ತಿದ್ದಿ ಕಳಿಸಿದೆ.

ಚಿತ್ರವನ್ನು ಅವ್ವಾರಿಗೆ ನನ್ನ ಮೊಬೈಲಿನಲ್ಲೇ ತೋರಿಸಿದೆ. "ನನ್ನ ಸೀರಿ ನೋಡ್ರಿ!" ಎಂದು ಮೊದಲು ಹಿಗ್ಗಿದರು. ಆಮೇಲೆ ಪರದೆಯ ಮೇಲಿನ ಅವರ ತುಟಿಗಳು, "ಬಾಮ್ಮ, ಬಿಸಿಲಲ್ಲಿ ಯಾಕೆ ನಿಂತಿದ್ದೀಯ?" ಎಂದವು. ಅವ್ವಾರ ಮುಖ ಸಣ್ಣದಾಯಿತು.

"ಹಿಂಗ ಕರದ್ರ ನನ್ನ ಮಗಳಿಗೆ ಗುರ್ತ ಹತ್ತಂಗಿಲ್ರಿ. ಯಾರ್ರೀ ಇದನ್ನ ಬರದವ್ರು?"

"ಗೊತ್ತಿಲ್ಲರಿ" ಎಂದೆ.

ಆ ಸುಳ್ಳನ್ನು ಒಪ್ಪಿಕೊಳ್ಳುವ ಧೈರ್ಯ ಬರುವುದರೊಳಗೆ ಅವ್ವಾರು ತೀರಿಕೊಂಡರು. ಈಗ ಯಾವ ತಾಯಿಯ ಮಾತು ಬರೆದರೂ ಒಮ್ಮೆ ಗಟ್ಟಿಯಾಗಿ ಓದುತ್ತೇನೆ, ನಾನು ನೋಡಿಯೇ ಇರದ ಆ ಮಗಳಿಗೆ ಕೇಳಲೆಂದು.