ಹಿಂದೆ ಸರಿಯುವ ಸೀಟು

ನನ್ನ ಗಂಡ ತೀರಿಕೊಂಡ ಮೇಲೆ ನಾನು ಮೊದಲ ಸಲ ಬೇಸ್‌ಮೆಂಟಿಗೆ ಇಳಿದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಯ ಕಾರುಗಳೆಲ್ಲ ಆಫೀಸುಗಳಿಗೆ ಹೋಗಿದ್ದವು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಕೆಳಗೆ ಒಂದೇ ಟ್ಯೂಬ್‌ಲೈಟು. ಕೊನೆಯ ಕಂಬದ ಪಕ್ಕ, ಬೂದು ಹೊದಿಕೆಯ ಕೆಳಗೆ, ಅವರ ಕಾರು ಮಾತ್ರ ಇತ್ತು. ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಥ ಕಾರು. ಬ್ಯಾಟರಿ ಇಳಿಯದಿರಲೆಂದು ಅವರು ಸಿಕ್ಕಿಸಿಟ್ಟಿದ್ದ ಚಾರ್ಜರಿನ ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಇಷ್ಟು ತಿಂಗಳು ಯಾರೂ ಅದನ್ನು ತೆಗೆದಿರಲಿಲ್ಲ.

ಅವರ ಇನ್ನೊಂದು ಕನ್ನಡಕ ಕಾರಿನಲ್ಲಿರಬಹುದು ಎಂದು ಹೋಗಿದ್ದೆ. ಹಿತ್ತಾಳೆ ಬಳೆ ಹಾಕಿದ ಅವರ ಕೀಯ ಗುಂಡಿ ಒತ್ತಿ ಬಾಗಿಲು ತೆರೆದೆ. ಆಗ ಡ್ರೈವರ್ ಸೀಟು ತಾನಾಗಿ ಗುಂಯ್ ಎಂದು ಹಿಂದಕ್ಕೆ ಸರಿಯಿತು. ಸ್ವಲ್ಪ ಕೆಳಗಿಳಿಯಿತು. ಎರಡೂ ಕಡೆಯ ಕನ್ನಡಿಗಳು ಮೆಲ್ಲಗೆ ತಿರುಗಿದವು. ಕೊನೆಗೆ ಟಕ್ ಎಂದು ಎಲ್ಲ ನಿಂತಿತು. ಬಂದವರಿಗೆ ಜಾಗ ಬಿಟ್ಟುಕೊಟ್ಟ ಹಾಗಿತ್ತು. ಇನ್ನು ಅವರು ಕೂರಬೇಕು, ಚರ್ಮದ ಸೀಟು ಕಿರ್ ಎನ್ನಬೇಕು, ಅಷ್ಟೇ ಬಾಕಿ. ನಾನು ಕನ್ನಡಕ ಹುಡುಕಲಿಲ್ಲ. ಲಾಕ್ ಮಾಡಿ, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಮನೆಗೆ ಬಂದೆ.

ಮಗಳಿಗೆ ಹೇಳಿದೆ. ಅವಳು ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲೇ. "ಮಮ್ಮಿ, ಅದು ಸೀಟ್ ಮೆಮೊರಿ. ಕೀ ಒತ್ತಿದ್ರೆ ಪಪ್ಪಾ ಸೆಟ್ಟಿಂಗಿಗೆ ಬರುತ್ತೆ, ಬಸ್. ಭೂತ್-ವೂತ್ ಕುಛ್ ನಹೀಂ," ಎಂದು ಮರುದಿನ ನನ್ನ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದಳು. ಅದೇ ಕೀ ಒತ್ತಿ ಬಾಗಿಲು ತೆರೆದಳು. ಸೀಟು ಅಲುಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ.

"ಎಲ್ಲಿ ಹೋಯ್ತು ಹಿಂದೆ?" ಎಂದಳು.

"ನಿನ್ನೆನೇ ಹೋಗೇತಿ," ಎಂದೆ. ಅವಳು ನಗಲಿಲ್ಲ. ಕನ್ನಡಕ ಅಲ್ಲೂ ಇರಲಿಲ್ಲ.

ನಾವು ಹುಬ್ಬಳ್ಳಿ ಕಡೆಯವರು. ಅವರು ಇಲ್ಲಿನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಇಂಜಿನಿಯರ್. ಮನೆಯಲ್ಲಿ ಒಂದು ಫ್ಯಾನ್ ಬದಲಿಸಲು ವರ್ಷ ಯೋಚಿಸುತ್ತಿದ್ದ ಮನುಷ್ಯ ಊರಿನ ಸೈಟು ಮಾರಿ ಬೇರೊಬ್ಬರು ಓಡಿಸಿದ ಸ್ಪೋರ್ಟ್ಸ್ ಕಾರು ತಂದಾಗ ನಾನು ಕೆಲವು ದಿನ ಮಾತು ಬಿಟ್ಟಿದ್ದೆ. ಅದರಲ್ಲಿ ಕೂತರೆ ಏಳಲು ಇನ್ನೊಬ್ಬರು ಕೈ ಕೊಡಬೇಕು. ಆದರೂ ಭಾನುವಾರ ಬೆಳಿಗ್ಗೆ ಹೈವೇ ಪಕ್ಕದ ಚಹಾದಂಗಡಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಇಂಥದೇ ಕಾರುಗಳವರು ಸೇರುತ್ತಿದ್ದರು. ಫಾಫ್ಡಾ ತಿನ್ನುತ್ತ ಅವರು ಮಾಡುತ್ತಿದ್ದುದು ಒಂದೇ ಜಗಳ: ಕಾರಿನ ಬೆಲೆ ಯಾವುದರಲ್ಲಿದೆ?

ನಮ್ಮ ಊರಂಚಿನ ಬೋಪಲ್ ಕಡೆಯ ಒಬ್ಬರು, ಬಿಲ್ಡರು, ಇಂಥ ಕಾರುಗಳನ್ನು ಗಾಜಿನ ಹಾಲಿನಲ್ಲಿ ಎ.ಸಿ. ಹಾಕಿ ಇಟ್ಟಿದ್ದರು. ಓಡಿದಷ್ಟೂ ಬೆಲೆ ಕಡಿಮೆ. ಫ್ಯಾಕ್ಟರಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯಬಾರದು ಎನ್ನುವುದು ಅವರ ವಾದ. ವಡೋದರದಿಂದ ಬರುತ್ತಿದ್ದ ನಮ್ಮವರೊಬ್ಬರು, ಬೆಳಗಾವಿಯವರು, ಅಲ್ಲಿನ ಮಕರಪುರದಲ್ಲಿ ಲೇತ್ ಮಷೀನುಗಳ ಶೆಡ್ಡು ಇಟ್ಟವರು, ಇದಕ್ಕೆ ಪೂರಾ ಉಲ್ಟಾ. "ಹೊಡೀಲಾರದ ಕಾರು ಕಾರಲ್ರೀ ಅದು, ಶೋಕೇಸಿನ ಗೊಂಬಿ. ಇಂಜಿನ್ ಕೂಗಬೇಕು, ಟೈರ್ ಸವೀಬೇಕು. ಅವಾಗ ಅದಕ್ಕೊಂದು ಕಿಮ್ಮತ್ತು." ನನ್ನ ಗಂಡ ಇಬ್ಬರ ಮಾತನ್ನೂ ಕೇಳಿ ಚಹಾ ಕುಡಿಯುತ್ತಿದ್ದರು. ಒಮ್ಮೆ ಮಾತ್ರ ಹೇಳಿದರು: "ಮೊದಲು ಯಾರು ಹೊಡೀತಿದ್ರು ಅನ್ನೋದು ಕಾರಿನಾಗ ಗೊತ್ತಾಗಬೇಕು. ಅಷ್ಟ ನನಗ." ಗೇರಿನ ಹಿಡಿಯ ಚರ್ಮ ಒಂದು ಕಡೆ ಸವೆದು ಹೋಗಿತ್ತು, ಹಳೆಯ ಮಾಲೀಕರ ಹೆಬ್ಬೆರಳಿಂದ. ಅದನ್ನು ಅವರು ಬದಲಿಸಲೇ ಇಲ್ಲ. ಅವರ ಹೆಬ್ಬೆರಳು ಅದರ ಪಕ್ಕದಲ್ಲಿ ಇನ್ನೊಂದು ಗುರುತು ಮಾಡುತ್ತಿತ್ತು.

ದೀಪಾವಳಿ ಮುಗಿದು, ಲಾಭ ಪಾಂಚಮ್ ದಿನ ಅಂಗಡಿಗಳು ಹಬ್ಬದ ರಜೆ ಮುಗಿಸಿ ಬಾಗಿಲು ತೆರೆಯುವ ಹೊತ್ತಿಗೆ, ಆಫೀಸಿನ ಕುರ್ಚಿಯಲ್ಲೇ ಅವರ ಹೃದಯ ನಿಂತಿತು.

ಮಳೆಗಾಲದ ಹೊತ್ತಿಗೆ ಆ ಬಿಲ್ಡರು ಕಾರು ಕೊಳ್ಳಲೆಂದು ನೋಡಲು ಬಂದರು. ಅದು ಹೆಣ್ಣು ನೋಡುವ ಶಾಸ್ತ್ರದ ಹಾಗೇ ಇತ್ತು. ನಾನು ಅವಲಕ್ಕಿ ಒಗ್ಗರಣೆ ಕೂಡ ಹಾಕಿದ್ದೆ. ಬಣ್ಣದ ದಪ್ಪ ಅಳೆಯುವ ಒಂದು ಪುಟ್ಟ ಯಂತ್ರವನ್ನು ಅವರು ಕಾರಿನ ಮೈಗೆ ಅಲ್ಲಲ್ಲಿ ಒತ್ತಿದರು. ಒತ್ತಿದಲ್ಲೆಲ್ಲ ಅದು ಪೀಂ ಎನ್ನುತ್ತಿತ್ತು. ಖಾಲಿ ಬೇಸ್‌ಮೆಂಟಿನಲ್ಲಿ ಆಸ್ಪತ್ರೆಯ ಸದ್ದು.

"ಭಾಭೀ, ದೋನೋ ಚಾಬಿ ಹೈ ನಾ? ಒಂದೇ ಕೀ ಇದ್ದರೆ ನಮ್ಮಂಥ ಕಾರಿನವರು ಮುಟ್ಟೋದಿಲ್ಲ."

ಎರಡನೆಯ ಕೀ ಕಪಾಟಿನಲ್ಲಿತ್ತು. ಅದಕ್ಕೆ ಬಣ್ಣ ಮಾಸಿದ ಕೆಂಪು ಪೂಜೆಯ ದಾರ ಸುತ್ತಿತ್ತು. ಅವರು ಅದನ್ನು ಬಳಸಿದ್ದನ್ನು ನಾನು ನೋಡಿರಲಿಲ್ಲ. ಬಿಲ್ಡರು ಅದರ ಗುಂಡಿ ಒತ್ತಿದರು. ಈ ಸಲ ಸೀಟು ಹಿಂದೆ ಹೋಗಲಿಲ್ಲ. ಗುಂಯ್ ಎನ್ನುತ್ತ ಮುಂದೆ ಬಂತು, ಮುಂದೆ, ಇನ್ನೂ ಮುಂದೆ, ಸ್ಟಿಯರಿಂಗಿಗೆ ಎದೆ ತಾಗುವಷ್ಟು. ಕನ್ನಡಿಗಳು ತಲೆ ತಗ್ಗಿಸಿದವು.

"ಇದು ನೀವಾ?"

ನಾನಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ. ಮಗಳು ಅವಳಪ್ಪನಷ್ಟೇ ಎತ್ತರ. ನಮ್ಮ ಮನೆಯಲ್ಲಿ ಅಷ್ಟು ಕುಳ್ಳಗಿರುವವರು ಯಾರೂ ಇಲ್ಲ.

"ಯಾರೋ ಛೋಟು," ಎಂದು ನಕ್ಕು ಅವರು ಸೀಟಿನ ಪಕ್ಕದ ಗುಂಡಿಗೆ ಕೈ ಹಾಕಿದರು. "ಎಲ್ಲ ಅಳಿಸಿ ಫ್ಯಾಕ್ಟರಿ ಹಾಗೆ ಮಾಡ್ತೀನಿ. ಹೊಸ ಗಾಡಿ ಆಗುತ್ತೆ."

"ಮುಟ್ಟಬೇಡಿ," ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಅವರು ಕೈ ತೆಗೆದು, ಅದೇ ಕೀಯಿಂದ ಲಾಕ್ ಮಾಡಿದರು. ಅವಲಕ್ಕಿ ತಿನ್ನದೆ ಹೋದರು.

ಅಂದು ಸಂಜೆ ವಡೋದರದವರಿಗೆ ಫೋನ್ ಮಾಡಿದೆ. ಎರಡನೆಯ ಕೀ ಎಂದ ಕೂಡಲೇ ಅವರು ಕೇಳಿದರು:

"ನೀವು ಸೀಟು ಸರಿಸಿಲ್ಲಲ್ಲ ವೈನಿ?"

"ಇಲ್ಲ."

"ಹಂಗಾರ ಚೊಲೋ ಆತು. ನಾಳೆ ಬರ್ತೀನಿ."

ಬಂದು, ಬೇಸ್‌ಮೆಂಟಿನ ಕಂಬಕ್ಕೆ ಒರಗಿ ನಿಂತು ಹೇಳಿದರು. ಕಾರು ಮೊದಲು ಸೂರತ್ತಿನವರದು. ಅಲ್ಲಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಮಾಲೀಕರು, ಬಹಳ ಕುಳ್ಳ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಮಾರಿದರು. ಎರಡು ಕೀಗಳಲ್ಲಿ ಕೆಂಪು ದಾರದ್ದು ಸತ್ತವರದು, ಇನ್ನೊಂದು ಬಳಸದೆ ಇಟ್ಟದ್ದು. ಲಾಕ್ ಮಾಡುವಾಗ ಸೀಟು ಎಲ್ಲಿರುತ್ತದೋ ಆ ಜಾಗವನ್ನೇ ಲಾಕ್ ಮಾಡಿದ ಕೀ ನೆನಪಿಡುತ್ತದೆ. ಹಾಗಾಗಿ ನನ್ನ ಗಂಡ ಹೊಸ ಕೀಯನ್ನಷ್ಟೇ ತಮ್ಮದು ಮಾಡಿಕೊಂಡರು, ಇನ್ನೊಂದನ್ನು ಹಾಗೇ ಬಿಟ್ಟರು.

"ವರ್ಷಕ್ಕೊಮ್ಮೆ, ಗುಜರಾತಿ ಹೊಸವರ್ಷದ ಮುಂಜಾನೆ, ಸೂರತ್ತಿನ ಆ ಬಾಯಾರಿಗೆ ಫೋನ್ ಹಚ್ಚತಿದ್ರು. ಕೆಂಪು ದಾರದ ಕೀ ಒತ್ತಿ ಫೋನ್ ಒಳಗ ಹಿಡೀತಿದ್ರು. ಸೀಟು ಮುಂದ ಬರೋ ಸಪ್ಪಳ ಕೇಳಸಾಕ."

"ನನಗ ಹೇಳಿಲ್ಲ."

"ನಿಮಗ ಹೆದರಿಕಿ ಆಗ್ತದಂತ."

ಆಗ ನನಗೆ ಮೊದಲ ದಿನದ್ದು ತಿಳಿಯಿತು. ತೀರಿಕೊಳ್ಳುವ ಕೆಲವೇ ದಿನ ಮೊದಲು, ಹೊಸವರ್ಷದ ಮುಂಜಾನೆ, ಅವರು ಕೊನೆಯದಾಗಿ ಒತ್ತಿದ್ದು ಆ ಕೀ. ಅವರು ಹೋದ ಮೇಲೆ ಅಷ್ಟೂ ತಿಂಗಳು ಕತ್ತಲಲ್ಲಿ ಸೀಟು ಇನ್ನೊಬ್ಬರಿಗಾಗಿ ಮುಂದೆ ಬಂದು ನಿಂತಿತ್ತು. ಬೇಸಿಗೆಯಲ್ಲಿ ನಾನು ಹೋಗಿ ಒತ್ತಿದಾಗ ಅದು ಅವರಿಗೆ ಎದ್ದು ಜಾಗ ಕೊಟ್ಟಿತ್ತು.

"ಇದು ಇಬ್ಬರನ್ನಷ್ಟ ನೆನಪಿಡ್ತದ," ಎಂದರು ಅವರು. "ಮೂರನೇದವ ಬಂದರ ಇಬ್ಬರೊಳಗ ಒಬ್ಬರು ಹೋಗಬೇಕು. ಅದಕ್ಕ ನಾ ಕೇಳಿಲ್ಲ. ಇಲ್ಲಾಂದ್ರ ಈ ಕಾರು ನನಗ ಬೇಕಿತ್ತು ವೈನಿ. ನಿಮ್ಮವರ ಕೂಡ ಓಡಾಡಿದ ಕಾರು."

ಅಷ್ಟು ದಿನ ನಾನು ಕಾರು ಮಾರುವ ವಿಚಾರ ಮಾಡುತ್ತಿದ್ದೆ. ಈಗ ನನ್ನ ಮುಂದಿದ್ದದ್ದು ಬೇರೆ: ಅವರ ಮೈ ಅಳತೆ ಈ ಲೋಕದಲ್ಲಿ ಇನ್ನೂ ಒಂದು ಕಡೆ ಇತ್ತು. ಅವರ ಅಂಗಿಗಳನ್ನು ಕೊಟ್ಟಾಗಿತ್ತು, ಮಂಚದ ಹಾಸಿಗೆ ಸಮವಾಗಿತ್ತು. ಕಾರನ್ನು ವಡೋದರದವರಿಗೆ ಕೊಟ್ಟು ಇದನ್ನು ಉಳಿಸಬೇಕೆಂದರೆ ಸೂರತ್ತಿನ ಆ ಹೆಂಗಸಿನ ಗಂಡನನ್ನು ಅಳಿಸಬೇಕು. ಅವರನ್ನು ಕೇಳದೆ ಅದು ಆಗುವ ಮಾತಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಹೋಗೋಣ ಎಂದೆ.

ವಡೋದರದವರೇ ಓಡಿಸಿದರು. ಅವರು ನನ್ನ ಗಂಡನಿಗಿಂತ ಗಿಡ್ಡ. ಹಿತ್ತಾಳೆ ಬಳೆಯ ಕೀ ಒತ್ತಿದರು, ಸೀಟು ಹಿಂದೆ ಹೋಯಿತು, ಕಾಲು ಪೆಡಲಿಗೆ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ವೈನಿ, ಒಂದು ದಿಂಬು ತರ್ರಿ," ಎಂದರು. ನಮ್ಮ ಸೋಫಾದ ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು, ಸೀಟನ್ನು ಒಂದು ಕೂದಲಷ್ಟೂ ಸರಿಸದೆ, ಅಹಮದಾಬಾದ್ ಬಿಟ್ಟರು. ಕನ್ನಡಿಗಳನ್ನೂ ಮುಟ್ಟಲಿಲ್ಲ. ಹಿಂದಿನ ಗಾಡಿ ನೋಡಲು ಪ್ರತಿ ಸಲ ಕತ್ತು ಉದ್ದ ಮಾಡುತ್ತಿದ್ದರು.

ಇಂಜಿನ್ ಕೂಗಬೇಕು ಎನ್ನುತ್ತಿದ್ದ ಮನುಷ್ಯ ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿಗಳಿಗೆ ದಾರಿ ಬಿಟ್ಟುಕೊಂಡು ಎಡಗಡೆ ನಡೆಸಿದರು. ಒಂದು ಸಣ್ಣ ಕಾರಿನ ಹುಡುಗರು ಪಕ್ಕಕ್ಕೆ ಬಂದು, ಗಾಜು ಇಳಿಸಿ, "ಕಾಕಾ, ಧಕ್ಕಾ ಮಾರೂಂ?" ಎಂದು ಕೂಗಿ ಹೋದರು. ತಳ್ಳಲೇ ಎಂದು ಕೇಳಿದ್ದು. ನಾವಿಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನಾನು ನಡುವಿನ ಕನ್ನಡಿ ನೋಡಿದೆ. ನನ್ನ ಜಾಗದಿಂದ ಅದರಲ್ಲಿ ಯಾವಾಗಲೂ ನನ್ನ ಗಂಡನ ಕನ್ನಡಕದ ಒಂದು ಅಂಚು, ಕಿವಿ ಕಾಣುತ್ತಿದ್ದವು. ಈಗ ಡ್ರೈವರ್ ದಿಂಬಿನಿಂದ ಮುಂದೆ ಕೂತಿದ್ದರು. ಕನ್ನಡಿಯಲ್ಲಿ ಸೀಟಿನ ತಲೆದಿಂಬು ಮಾತ್ರ, ಯಾರೂ ಇಲ್ಲದೆ, ನಮ್ಮ ಜೊತೆ ಬರುತ್ತಿತ್ತು. ಭರೂಚ್ ದಾಟುವವರೆಗೆ ನಾನು ಅದರಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಅಲ್ಲಿ ಏನಾದರೂ ಬದಲಾಗುತ್ತದೆ ಎನಿಸುತ್ತಿತ್ತು.

ಕಾರು ಬರುತ್ತದೆ ಎಂದಷ್ಟೇ ತಿಳಿಸಿದ್ದರಿಂದ ಸೂರತ್ತಿನ ಆ ಹೆಂಗಸು ಗೇಟಿನಲ್ಲೇ ಕಾಯುತ್ತಿದ್ದರು. ನನಗಿಂತ ಹಿರಿಯರು, ಹತ್ತಿಯ ಬಿಳಿ ಸೀರೆ. ಕಾರಿನಿಂದ ನಾನು ಇಳಿದೆ, ವಡೋದರದವರು ಇಳಿದರು. ಆ ಹೆಂಗಸು ಇನ್ನೂ ಕಾರಿನ ಬಾಗಿಲ ಕಡೆ ನೋಡುತ್ತಲೇ ಇದ್ದರು.

"ಭಾಯಿ ಬಂದಿಲ್ಲವೇ?" ಎಂದು ಗುಜರಾತಿಯಲ್ಲಿ ಕೇಳಿದರು.

ಹೇಳಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆಮೇಲೆ ನಾನು ಕೆಂಪು ದಾರದ ಕೀ ಅವರ ಕೈಗಿಟ್ಟೆ. ಅವರೇ ಒತ್ತಿದರು. ಸೀಟು ಮುಂದೆ ಬಂತು, ಕನ್ನಡಿಗಳು ತಗ್ಗಿದವು. ಅಂಗಳದಲ್ಲಿದ್ದ ನಾಯಿ ಎದ್ದು ದೂರ ಹೋಯಿತು.

"ಮಗು ಸೈಕಲ್ ಹೊಡೆದ ಹಾಗೆ ಕೂರುತ್ತಿದ್ದರು," ಎಂದು ಅವರು ಸೀಟಿನ ಬೆನ್ನು ಸವರಿದರು. "ಮಿಲ್ಲಿನ ಜನ ನಗುತ್ತಿದ್ದರು: ಖಾಲಿ ಗಾಡಿ ಬಂತು ಎಂದರೆ ಸೇಠ್ ಬಂದರು ಎಂದು ಅರ್ಥ." ನಕ್ಕರು. "ನೋಡಬಾರದು ಎಂದೇ ಮಾರಿದೆ, ಬೆನ್. ಮಾರಿದ ಮೇಲೆ ವರ್ಷವಿಡೀ ಆ ಫೋನಿಗೆ ಕಾದೆ."

ಇಬ್ಬರ ಜಾಗ ಮಾತ್ರ ಇದೆ ಎಂದು ನಾನು ತಡವರಿಸುತ್ತ ಹೇಳಿದೆ. ಅವರಿಗೆ ಅದು ಗೊತ್ತಿತ್ತು.

"ನಮ್ಮದು ಅಳಿಸಿ. ನನ್ನದು ಹಳೆಯದು, ನಿಮ್ಮದು ಹಸಿ. ಈ ಭಾಯಿ ಇದರಲ್ಲಿ ಕೂರಲಿ."

ವಡೋದರದವರು ಕಂಕುಳಲ್ಲಿ ದಿಂಬು ಹಿಡಿದು ನಿಂತಿದ್ದರು. ಅವರ ಗುಜರಾತಿ ನನ್ನದಕ್ಕಿಂತ ಚೆನ್ನಾಗಿತ್ತು, ಆದರೂ ಕನ್ನಡದಲ್ಲೇ ನನಗೆ ಹೇಳಿದರು. "ಯಾರದೂ ಅಳಿಸೂದು ಬ್ಯಾಡ ಅಂತ ಹೇಳ್ರಿ ವೈನಿ. ಅಹಮದಾಬಾದಿಂದ ಇಲ್ಲಿತನ ಬಂದೀನಲ್ಲ. ನನಗ ದಿಂಬು ಸಾಕು."

"ಜೋರ ಹೊಡ್ಯಾಕ ಆಗಂಗಿಲ್ಲ ನಿಮಗ."

"ಸಾವಕಾಶ ಹೊಡೀತೀನಿ. ದಿಂಬು ಮಾತ್ರ ನೀವು ಕೊಡಬೇಕು."

ಹೀಗೆ ಕಾರು ಮಕರಪುರದ ಶೆಡ್ಡಿಗೆ ಹೋಯಿತು, ಎರಡು ಕೀಗಳ ಜೊತೆ, ನಮ್ಮ ದಿಂಬಿನ ಜೊತೆ. ಭಾನುವಾರದ ಚಹಾದಂಗಡಿಯಲ್ಲಿ ಅವರನ್ನು ಈಗ ದಿಂಬು ಸೇಠ್ ಎನ್ನುತ್ತಾರಂತೆ. ಅಂಥ ಕಾರನ್ನು ಹಾಗೆ ಓಡಿಸುವುದು ಅದಕ್ಕೆ ಮಾಡುವ ಅವಮಾನ ಎಂದು ಬಿಲ್ಡರು ಹೇಳಿದರಂತೆ. ಇವರು ಜಗಳ ಮಾಡಲಿಲ್ಲವಂತೆ.

ಈ ಸಲ ಗುಜರಾತಿ ಹೊಸವರ್ಷದ ಬೆಳಿಗ್ಗೆ, ಬೀದಿಯಲ್ಲಿ ಮಕ್ಕಳು ಶುಭ ಶಕುನದ ಉಪ್ಪು ಮಾರುತ್ತ ಕೂಗುವ ಹೊತ್ತಿಗೆ, ನನಗೆ ಫೋನ್ ಬಂತು.

"ಸೂರತ್ತಿಗೆ ಕೇಳಿಸಿ ಆತು ವೈನಿ. ಈಗ ನಿಮ್ಮ ಪಾಳಿ. ತಡೀರಿ."

ಕೀ ಒತ್ತಿದ ಸದ್ದು. ಬಾಗಿಲು. ಆಮೇಲೆ ಗುಂಯ್ ಎನ್ನುತ್ತ ಸೀಟು ಹಿಂದಕ್ಕೆ ಸರಿಯತೊಡಗಿತು. ಉದ್ದದ ಸದ್ದು, ಅವರ ಕಾಲಿನಷ್ಟು ಉದ್ದ. ಟಕ್ ಎಂದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ನಂತರ ಚರ್ಮದ ಸೀಟು ಕಿರ್ ಎಂದಿತು, ಯಾರೋ ಭಾರ ಬಿಟ್ಟು ಕೂತ ಹಾಗೆ.

"ನೀವು ಕೂತ್ರೇನು?" ಎಂದು ಕೇಳಿದೆ.

"ಇಲ್ರೀ. ಹೊರಗ ನಿಂತೀನಿ, ಫೋನ್ ಅಷ್ಟ ಒಳಗ ಹಿಡಿದೀನಿ." ಅವರಿಗೂ ಕೇಳಿಸಿತ್ತು. ಆಮೇಲೆ ಹೇಳಿದರು: "ಹಳೇ ಚರ್ಮ ನೋಡ್ರಿ. ಥಂಡಿಗೆ ಬಿಗೀತದ. ಲಾಕ್ ಮಾಡ್ಲೇನು?"

"ತಡೀರಿ," ಎಂದೆ. "ಇಷ್ಟ ಲಗೂನ ಮಾಡಬ್ಯಾಡ್ರಿ."